ಅಪ್ಪನಿಗೆ ತೊಂದರೆ ಹೃದಯದ್ದು, ರಿಪೋರ್ಟಲ್ಲಿ ‘ಬ್ರೈನ್’ ಅಂತ ಯಾಕಿದೆ?

ತಿಪಟೂರಿನ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 63 ವರ್ಷ. ತಿಪಟೂರಿನ ಹತ್ತಿರ ತೆಂಗಿನ ತೋಟ ಇದೆ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ಆಯಿತು. ಎರಡು ತಿಂಗಳಿಂದ ರಾತ್ರಿ ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಮೊದಲು ಒಂದು ದಿಂಬು, ಆಮೇಲೆ ಎರಡು, ಕೊನೆಗೆ ಗೋಡೆಗೆ ಒರಗಿ ಕೂತೇ ನಿದ್ದೆ. ಸಂಜೆ ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಹಾಗೇ ಕೂತಿರುತ್ತಿತ್ತು. “ತೋಟದಲ್ಲಿ ನಿಂತು ನಿಂತು ಊದಿಕೊಂಡಿದೆ ಬಿಡು” ಅನ್ನುತ್ತಿದ್ದರು.

ಹೋದ ವಾರ ಹಠ ಮಾಡಿ ತುಮಕೂರಿಗೆ ಕರೆದುಕೊಂಡು ಹೋದೆ. ಇಸಿಜಿ, ರಕ್ತ ಪರೀಕ್ಷೆ ಆಯಿತು. ನೀರು ಹೋಗುವ ಮಾತ್ರೆ ಕೊಟ್ಟು, ಎಕೋಗೆ (ಹೃದಯದ ಸ್ಕ್ಯಾನ್) ಸೋಮವಾರ ಬನ್ನಿ ಅಂದಿದ್ದಾರೆ. ರಿಪೋರ್ಟಲ್ಲಿ ಒಂದು ಸಾಲು ಇದೆ: ‘ಎನ್‌ಟಿ-ಪ್ರೊ ಬ್ರೈನ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್ – 2,140’. ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. ಡಾಕ್ಟರನ್ನು ಕೇಳೋಣ ಅಂದರೆ ಬಾಗಿಲ ಹೊರಗೆ ಅಷ್ಟೊಂದು ಜನ. ಊರಿಗೆ ಬಂದ ಮೇಲೆ ದೊಡ್ಡಪ್ಪ ಅದನ್ನು ಓದಿ “ಅಯ್ಯೋ, ತಲೆಗೂ ಏನೋ ಆಗಿದೆ” ಅಂದುಬಿಟ್ಟರು. ಅಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ.

ಉಸಿರಾಟದ ತೊಂದರೆಗೆ ಮೆದುಳಿನ ಪರೀಕ್ಷೆ ಯಾಕೆ? ಗೊತ್ತಿರುವವರು ದಯವಿಟ್ಟು ಹೇಳಿ.

ಲ್ಯಾಬ್ ಕೆಲಸದವನು, ತುಮಕೂರು
ಅಕ್ಕ, ಮೊದಲು ಅಮ್ಮನಿಗೆ ಊಟ ಮಾಡಿಸಿ. ಇದು ಮೆದುಳಿನ ಪರೀಕ್ಷೆ ಅಲ್ಲವೇ ಅಲ್ಲ, ಹೃದಯದ್ದೇ. ನಮ್ಮ ಕೌಂಟರಿನಲ್ಲೂ ಇದೇ ಪ್ರಶ್ನೆ ಕೇಳುತ್ತಾರೆ, ಮುಖ ಬಿಳಿಚಿಕೊಂಡು ಕೇಳುತ್ತಾರೆ.

ಹೆಸರು ಬಂದಿದ್ದು ಹೀಗೆ. 1988ರಲ್ಲಿ ಜಪಾನಿನ ಕೆಂಜಿ ಕಂಗಾವ, ಹಿಸಾಯುಕಿ ಮತ್ಸುವೊ ಇದ್ದ ತಂಡ ಈ ಪೆಪ್ಟೈಡನ್ನು (ಪ್ರೋಟೀನಿನ ಪುಟ್ಟ ತುಂಡಿನಂಥದ್ದು) ಹಂದಿಯ ಮೆದುಳಿನಿಂದ ಬೇರ್ಪಡಿಸಿತು. ಸಿಕ್ಕಿದ್ದು ಮೆದುಳಲ್ಲಿ, ಹಾಗಾಗಿ ‘ಬ್ರೈನ್’ ಅಂತ ಹೆಸರಿಟ್ಟರು. ಆಮೇಲೆ ನೋಡಿದರೆ ನಮ್ಮ ಮೈಯಲ್ಲಿ ಇದನ್ನು ಹೆಚ್ಚಾಗಿ ತಯಾರು ಮಾಡುವುದು ಹೃದಯದ ಕೆಳಗಿನ ಕೋಣೆಗಳು. ಅಷ್ಟರಲ್ಲಿ ಹೆಸರು ಅಂಟಿಕೊಂಡಿತ್ತು. ಈಗ ಎಷ್ಟೋ ಕಡೆ ‘ಬಿ-ಟೈಪ್’ ಅಂತ ಬರೆಯುತ್ತಾರೆ. ನಿಮ್ಮ ಲ್ಯಾಬಿನವರು ಹಳೇ ಹೆಸರೇ ಇಟ್ಟುಕೊಂಡಿದ್ದಾರೆ, ಅಷ್ಟೆ.

ಗುಬ್ಬಿ ಗೌಡ
ಹೆಸರಿನ ಕಥೆ ಸರಿ. ಆದರೆ 2,140 ಅಂದರೆ ಎಷ್ಟು ಕೆಟ್ಟದ್ದು? ಅದನ್ನು ಹೇಳಿ.

ಲ್ಯಾಬ್ ಕೆಲಸದವನು, ತುಮಕೂರು
ಉಸಿರಾಟದ ತೊಂದರೆ ಅಂತ ಬಂದವರಲ್ಲಿ 300ಕ್ಕಿಂತ ಕಮ್ಮಿ ಇದ್ದರೆ ಹೃದಯ ಸೋತು ಹೀಗಾಗಿರುವ ಸಾಧ್ಯತೆ ತೀರಾ ಕಮ್ಮಿ. ಅದಕ್ಕಿಂತ ಮೇಲಿದ್ದರೆ ವಯಸ್ಸು ನೋಡುತ್ತಾರೆ. 50ರ ಒಳಗಿನವರಿಗೆ 450, 50ರಿಂದ 75ರವರಿಗೆ 900, ಅದಕ್ಕಿಂತ ದೊಡ್ಡವರಿಗೆ 1,800 ದಾಟಿದರೆ ಹೃದಯದ ಕಡೆಗೆ ಅನುಮಾನ ಗಟ್ಟಿ. ಇವರದ್ದು ದಾಟಿದೆ, ಸುಳ್ಳು ಹೇಳಲ್ಲ. ಆದರೆ ಕಿಡ್ನಿ ಸೋತಿದ್ದರೂ ಈ ಸಂಖ್ಯೆ ಏರುತ್ತದೆ. ತುಂಬಾ ದಪ್ಪ ಇರುವವರಲ್ಲಿ ಕಾಯಿಲೆ ಇದ್ದರೂ ಕಮ್ಮಿ ತೋರಿಸುತ್ತದೆ. ಎಕೋ ಆಗದೆ ಯಾರೂ ತೀರ್ಮಾನಕ್ಕೆ ಬರಬಾರದು.

ಮಧುಗಿರಿ ಮೇಷ್ಟ್ರು
ಮಗಳೇ, ನಾನು 31 ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಪಾಠ ಮಾಡಿದವನು. ಅಮ್ಮನಿಗೆ ಹೇಳೋಕೆ ಸುಲಭ ಆಗಲಿ ಅಂತ ಕೆರೆಯ ಉದಾಹರಣೆ ಕೊಡುತ್ತೇನೆ.

ಕೆರೆ ತುಂಬಿ ಏರಿಯ ಮೇಲೆ ಒತ್ತಡ ಬಿದ್ದಾಗ ಏನು ಮಾಡುತ್ತೇವೆ? ತೂಬು ಎತ್ತಿ ನೀರು ಬಿಡುತ್ತೇವೆ. ಹೃದಯದ ಕೋಣೆಯಲ್ಲಿ ರಕ್ತ ಜಾಸ್ತಿ ನಿಂತು ಗೋಡೆ ಹಿಗ್ಗಿದಾಗ ಅದೇ ಹೃದಯ ಈ ಪೆಪ್ಟೈಡನ್ನು ರಕ್ತಕ್ಕೆ ಬಿಡುತ್ತದೆ. ಅದು ಕಿಡ್ನಿಗೆ ಹೋಗಿ “ಉಪ್ಪು, ನೀರು ಎರಡನ್ನೂ ಹೊರಗೆ ಕಳಿಸು” ಅನ್ನುತ್ತದೆ. ರಕ್ತನಾಳಗಳನ್ನು ಸಡಿಲ ಮಾಡುತ್ತದೆ. ‘ನ್ಯಾಟ್ರಿಯುರೆಟಿಕ್’ ಅಂದರೆ ಮೂತ್ರದಲ್ಲಿ ಸೋಡಿಯಂ ಕಳಿಸುವುದು ಅಂತಲೇ ಅರ್ಥ. ಅಂದರೆ ಈ ಪೆಪ್ಟೈಡ್ ಶತ್ರು ಅಲ್ಲ. ತೂಬು ಎತ್ತೋಕೆ ಓಡಿಹೋದ ನೀರುಗಂಟಿ ಅದು.

ಹೃದಯ ಬರೀ ಪಂಪ್ ಅಲ್ಲ, ಹಾರ್ಮೋನ್ ಕೂಡ ಮಾಡುತ್ತದೆ ಅಂತ ಮೊದಲು ತೋರಿಸಿಕೊಟ್ಟವರು ಕೆನಡಾದಲ್ಲಿದ್ದ ಅಡಾಲ್ಫೊ ಡಿ ಬೋಲ್ಡ್. 1981ರಲ್ಲಿ ಇಲಿಯ ಹೃದಯದ ಮೇಲಿನ ಕೋಣೆಗಳನ್ನು ಅರೆದು, ಆ ಸಾರವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಅವುಗಳ ಮೂತ್ರದಲ್ಲಿ ಉಪ್ಪು ಒಂದೇ ಸಲ ಏರಿತು. ನಾನು ನೌಕರಿಗೆ ಸೇರಿದಾಗ ಪುಸ್ತಕದಲ್ಲಿ ಇದು ಇರಲೇ ಇಲ್ಲ. ಹೃದಯ ಅಂದರೆ ನಾಲ್ಕು ಕೋಣೆ, ನಾಲ್ಕು ಕವಾಟ, ಅಷ್ಟೇ ಬರೆಸುತ್ತಿದ್ದೆ.

ಕೊರಟಗೆರೆ ಕಿರಣ
ಅರ್ಥ ಆಗಲಿಲ್ಲ ಸಾರ್. ಒಳ್ಳೇದಾದರೆ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ? ‘ಹೈ’ ಅಂತ ಯಾಕೆ ಹೆದರಿಸ್ತಾರೆ?

ಮಧುಗಿರಿ ಮೇಷ್ಟ್ರು
ನೀರುಗಂಟಿ ಹಗಲು ರಾತ್ರಿ ತೂಬಿನ ಹತ್ತಿರವೇ ಓಡಾಡುತ್ತಿದ್ದಾನೆ ಅಂದರೆ ಕೆರೆ ಅಪಾಯದಲ್ಲಿದೆ ಅಂತ ತಾನೇ? ಅವನು ಒಳ್ಳೆಯವನೇ. ಸುದ್ದಿ ಒಳ್ಳೇದಲ್ಲ.

ಎಂಬಿಬಿಎಸ್ ಕೊನೇ ವರ್ಷ, ಕೋಲಾರ
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಈ ಪೆಪ್ಟೈಡನ್ನು ಒಡೆದುಹಾಕುವ ಕಿಣ್ವ ನಮ್ಮ ಮೈಯಲ್ಲಿದೆ, ನೆಪ್ರಿಲೈಸಿನ್ ಅಂತ. ಅದನ್ನು ತಡೆಯುವ ಸಕುಬಿಟ್ರಿಲ್ ಅನ್ನು ವಾಲ್ಸಾರ್ಟಾನ್ ಅನ್ನುವ ಬಿಪಿ ಔಷಧದ ಜೊತೆ ಸೇರಿಸಿ ಒಂದೇ ಮಾತ್ರೆ ಮಾಡಿದ್ದಾರೆ. 2014ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಅದು ಹಳೇ ಎನಲಾಪ್ರಿಲ್ ಮಾತ್ರೆಗಿಂತ ಜಾಸ್ತಿ ಜೀವ ಉಳಿಸಿತು. ಅಂದರೆ ಡಾಕ್ಟರುಗಳು ಈ ಪೆಪ್ಟೈಡನ್ನು ಕಮ್ಮಿ ಮಾಡೋಕೆ ಹೊರಟಿಲ್ಲ, ಅದು ಬೇಗ ಒಡೆಯದ ಹಾಗೆ ನೋಡಿಕೊಳ್ಳುತ್ತಾರೆ. ಆ ಮಾತ್ರೆ ತಗೊಳ್ಳುವವರಿಗೆ ಬರೀ ಬಿಎನ್‌ಪಿ (ಇದೇ ಪೆಪ್ಟೈಡಿನ ಚಿಕ್ಕ ಹೆಸರು) ಅಳೆದರೆ ಏರಿದ ಹಾಗೆ ಕಾಣಬಹುದು. ಎನ್‌ಟಿ-ಪ್ರೊಬಿಎನ್‌ಪಿ (ನಿಮ್ಮ ರಿಪೋರ್ಟಿನಲ್ಲಿರುವುದು) ಅದೇ ಪೆಪ್ಟೈಡ್ ತಯಾರಾಗುವಾಗ ಕತ್ತರಿಸಿ ಬಿದ್ದ ಇನ್ನೊಂದು ತುಂಡು. ಅದನ್ನು ಆ ಕಿಣ್ವ ಮುಟ್ಟುವುದಿಲ್ಲ. ಅದಕ್ಕೇ ಅದನ್ನು ನೋಡುತ್ತಾರೆ.

ನರ್ಸ್ ಅಕ್ಕ, ಮಾಲೂರು
ತಿಪಟೂರಿನ ತಂಗಿ, ಒಂದು ಮಾತು ಕೇಳ್ತೀನಿ. ಅಪ್ಪ ಮಂಡಿನೋವಿಗೆ ಮೆಡಿಕಲ್ ಸ್ಟೋರಿಂದ ಮಾತ್ರೆ ತಂದು ನುಂಗುತ್ತಾರಾ?

ತಿಪಟೂರಿನ ಮಗಳು
ಹೌದು ಅಕ್ಕ. ಡೈಕ್ಲೋಫೆನಾಕ್. ದಿನಾ ಒಂದು, ಕಾಯಿ ಕೀಳಿಸುವ ದಿನ ಎರಡು. ಅಂಗಿ ಜೇಬಲ್ಲೇ ಒಂದು ಪಟ್ಟಿ ಇರುತ್ತೆ. ನಿಮಗೆ ಹೇಗೆ ಗೊತ್ತಾಯ್ತು?

ನರ್ಸ್ ಅಕ್ಕ, ಮಾಲೂರು
ತೋಟ, ಹೊಲದಲ್ಲಿ ದುಡಿಯುವ ಗಂಡಸರಲ್ಲಿ ಹತ್ತರಲ್ಲಿ ಆರು ಜನರ ಜೇಬಲ್ಲಿ ಆ ಪಟ್ಟಿ ನಾನೇ ನೋಡಿದ್ದೇನೆ. ಆ ಜಾತಿಯ ನೋವಿನ ಮಾತ್ರೆಗಳು ಕಿಡ್ನಿಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಸೋತ ಹೃದಯಕ್ಕೆ ಇದು ನೇರ ಪೆಟ್ಟು. ಹೃದಯ ಆ ಕಡೆಯಿಂದ ತೂಬು ಎತ್ತುತ್ತಿದೆ, ಈ ಮಾತ್ರೆ ಈ ಕಡೆಯಿಂದ ಮುಚ್ಚುತ್ತಿದೆ. ಸೋಮವಾರ ಡಾಕ್ಟರಿಗೆ ಇದನ್ನೇ ಮೊದಲು ಹೇಳಿ. ಆ ಪಟ್ಟಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಮರೆಯಬೇಡಿ.

ಗುಬ್ಬಿ ಗೌಡ
ನಮ್ಮ ಮಾವನಿಗೂ ಇದೇ ಆಯಿತು. ಎರಡು ವರ್ಷ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ನೋವಿನ ಮಾತ್ರೆ ಅಂದರೆ ಮಾತ್ರೆ ಅಂತಲೇ ಅನ್ನಿಸಿರಲಿಲ್ಲ. ಈಗ ಓದಿ ಹೊಟ್ಟೆ ಉರಿಯುತ್ತಿದೆ.

ಸಿರಾ ಸುಮ
ಉಪ್ಪು ಕಮ್ಮಿ ಮಾಡಿ ಎಲ್ಲದಕ್ಕಿಂತ ಮೊದಲು. ನಾವು ಮನೆಯಲ್ಲಿ ಲೋ ಸೋಡಿಯಂ ಉಪ್ಪು ತಂದಿದ್ದೇವೆ, ರುಚಿಗೆ ಏನೂ ವ್ಯತ್ಯಾಸ ಇಲ್ಲ. ನಿಮ್ಮಪ್ಪನಿಗೂ ಅದೇ ಹಾಕಿ.

ನರ್ಸ್ ಅಕ್ಕ, ಮಾಲೂರು
ಸುಮ ಅವರೇ, ತಪ್ಪು ತಿಳಿಯಬೇಡಿ, ಇದು ಇವರಿಗೆ ಬೇಡ. ಆ ಉಪ್ಪಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಹೃದಯಕ್ಕೆ ಕೊಡುವ ಕೆಲವು ಮಾತ್ರೆಗಳು, ಸ್ಪೈರೊನೊಲ್ಯಾಕ್ಟೋನ್, ಆಮೇಲೆ ಮೇಲೆ ಹೇಳಿದ ವಾಲ್ಸಾರ್ಟಾನ್ ಜಾತಿಯವು, ಅವೇ ಪೊಟ್ಯಾಸಿಯಂ ಏರಿಸುತ್ತವೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು. ಮಾಮೂಲಿ ಉಪ್ಪನ್ನೇ ಕಮ್ಮಿ ಹಾಕಲಿ.

ಸಿರಾ ಸುಮ
ಅಯ್ಯೋ, ಇದು ಗೊತ್ತಿರಲಿಲ್ಲ. ನಮ್ಮತ್ತೆಗೆ ಬಿಪಿ ಮಾತ್ರೆ ಇದೆ, ಯಾವುದು ಅಂತ ಇವತ್ತೇ ನೋಡುತ್ತೇನೆ. ಥ್ಯಾಂಕ್ಸ್ ಅಕ್ಕ.

ಮಧುಗಿರಿ ಮೇಷ್ಟ್ರು
ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ. ಸುಮಾರು ಒಂದು ಟೀ ಚಮಚ. ನಮ್ಮ ಕಡೆ ಸಾರಿನ ಉಪ್ಪಿಗಿಂತ ಪಕ್ಕದಲ್ಲಿ ಇಟ್ಟುಕೊಳ್ಳುವುದರ ಲೆಕ್ಕ ದೊಡ್ಡದು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಮಜ್ಜಿಗೆಗೆ ಮತ್ತೆ ಒಂದು ಚಿಟಿಕೆ. ಮುದ್ದೆ, ಸೊಪ್ಪಿನ ಸಾರು ಬಿಡಬೇಕಾಗಿಲ್ಲ. ಪಕ್ಕದ್ದು ಬಿಟ್ಟರೆ ಸಾಕು.

ಶಿಡ್ಲಘಟ್ಟದ ಹೆಣ್ಣುಮಗಳು
ಎಲ್ಲರೂ ಉಪ್ಪು ಅಂತೀರಿ, ನೀರಿನ ಮಾತು ಯಾರೂ ಎತ್ತಲಿಲ್ಲ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಸಿ, ಕಿಡ್ನಿ ತೊಳೆದ ಹಾಗೆ ಆಗುತ್ತೆ.

ಎಂಬಿಬಿಎಸ್ ಕೊನೇ ವರ್ಷ, ಕೋಲಾರ
ದಯವಿಟ್ಟು ಬೇಡ! ಇವರಿಗೆ ನೀರು ಡಾಕ್ಟರ್ ಹೇಳಿದ ಅಳತೆಯಲ್ಲೇ. ಇಲ್ಲಿ ನಿಜವಾಗಿ ಮೆದುಳಿನ ಹಾರ್ಮೋನ್ ಒಂದು ಬರುತ್ತದೆ, ವಾಸೊಪ್ರೆಸ್ಸಿನ್. ಹೈಪೋಥಲಾಮಸ್‌ನಲ್ಲಿ (ಮೆದುಳಿನ ಒಂದು ಭಾಗ) ತಯಾರಾಗಿ, ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದಿಂದ ರಕ್ತಕ್ಕೆ ಬರುತ್ತದೆ. ನೀರು ಕಮ್ಮಿ ಆದಾಗ ಕಿಡ್ನಿಗೆ “ನೀರು ಬಿಡಬೇಡ” ಅನ್ನುವುದು ಅದರ ಕೆಲಸ. ಹೃದಯ ಸೋತಾಗ ರಕ್ತ ಸರಿಯಾಗಿ ಮುಂದೆ ಹೋಗುವುದಿಲ್ಲ. ಮೈಗೆ ನೀರೇ ಸಾಲುತ್ತಿಲ್ಲ ಅಂತ ಅನ್ನಿಸಿ ವಾಸೊಪ್ರೆಸ್ಸಿನ್ ಏರುತ್ತದೆ. ಕಾಲು ಊದಿಕೊಂಡಿದ್ದರೂ ಮೈ ಇನ್ನೂ ನೀರು ಕೂಡಿಡುತ್ತಲೇ ಇರುತ್ತದೆ. ಒಂದು ಕಡೆ ಹೃದಯದ ಪೆಪ್ಟೈಡ್ ತೂಬು ಎತ್ತುತ್ತದೆ, ಇನ್ನೊಂದು ಕಡೆ ಮೆದುಳಿನ ಪೆಪ್ಟೈಡ್ ಮುಚ್ಚುತ್ತದೆ. ಈ ಜಗ್ಗಾಟದಲ್ಲಿ ನಾಲ್ಕು ಲೀಟರ್ ನೀರು ಸುರಿದರೆ ಏನಾಗುತ್ತೆ ಯೋಚಿಸಿ.

ಶಿಡ್ಲಘಟ್ಟದ ಹೆಣ್ಣುಮಗಳು
ಸರಿ, ಒಪ್ಪಿದೆ. ಇವರಿಗೆ ಬೇಡ. ಆದರೆ ಉಳಿದವರ ವಿಷಯ ಬಿಡಬೇಡಿ. ನಾನು ರೇಷ್ಮೆ ನೂಲು ತೆಗೆಯುವ ಕಡೆ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಬಿಸಿನೀರಿನ ಬೇಸಿನ್ ಮುಂದೆ ಬೆಳಗಿಂದ ಸಂಜೆವರೆಗೆ. ಕೈ ಬೆರಳ ತುದಿ ಬೆಂದು ಬಿಳಿಚಿಕೊಂಡಿರುತ್ತೆ, ಕುತ್ತಿಗೆಯಿಂದ ಬೆವರು ಹರಿಯುತ್ತೆ. ಆದರೂ ನೀರು ಕುಡಿಯುತ್ತಿರಲಿಲ್ಲ, ಯಾಕೆಂದರೆ ಹೆಂಗಸರಿಗೆ ಸರಿಯಾದ ಶೌಚಾಲಯ ಇರಲಿಲ್ಲ. ಬೆಳಿಗ್ಗೆ ಒಂದು ಲೋಟ, ಮನೆಗೆ ಹೋದ ಮೇಲೆ ಒಂದು ಚೊಂಬು. ನಮ್ಮಲ್ಲಿ ಎಷ್ಟು ಜನಕ್ಕೆ ಕಲ್ಲು, ಉರಿಮೂತ್ರ ಬಂತು ಅಂತ ನನಗೆ ಗೊತ್ತು. ಆ ಹಾರ್ಮೋನ್ ನಮ್ಮಂಥವರ ಮೈಯಲ್ಲಿ ದಿನವಿಡೀ ಏರಿಯೇ ಇರುತ್ತಿತ್ತು ಅಲ್ವಾ?

ಎಂಬಿಬಿಎಸ್ ಕೊನೇ ವರ್ಷ, ಕೋಲಾರ
ಹೌದು ಅಕ್ಕ. ನೀವು ಹೇಳಿದ್ದು ಸಣ್ಣ ವಿಷಯ ಅಲ್ಲ. ವಾಸೊಪ್ರೆಸ್ಸಿನ್ ಜೊತೆಗೇ ಬರುವ ಕೋಪೆಪ್ಟಿನ್ ಅನ್ನುವ ತುಂಡನ್ನು ಅಳೆದು ಸ್ವೀಡನ್ನಿನ ಮಾಲ್ಮೋದಲ್ಲಿ ಜನರನ್ನು ವರ್ಷಗಟ್ಟಲೆ ಗಮನಿಸಿದರು. ಅದು ಜಾಸ್ತಿ ಇದ್ದವರಲ್ಲಿ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ ಕಂಡಿತು ಅಂತ 2010ರಲ್ಲಿ ಬರೆದರು. ನೀರು ಜಾಸ್ತಿ ಕುಡಿದರೆ ಸಕ್ಕರೆ ಕಾಯಿಲೆ ತಪ್ಪುತ್ತದೆ ಅಂತ ಇದರಿಂದ ಹೇಳೋಕೆ ಆಗಲ್ಲ. ಆದರೆ ಆರೋಗ್ಯವಾಗಿರುವವರು ಬಿಸಿಯಲ್ಲಿ ದುಡಿಯುವಾಗ ಬಾಯಾರಿಕೆ ತಡೆದುಕೊಂಡು ಕೂರುವುದು ಒಳ್ಳೇದಲ್ಲ.

ಪಾವಗಡದವನು
ಕುಡಿಯಿರಿ ಅನ್ನೋದು ಸುಲಭ. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ತಿಂದು ಹಲ್ಲು ಹಳದಿ ಆದವರನ್ನು ಬಂದು ನೋಡಿ. ಎಷ್ಟೋ ವರ್ಷ ನೀರು ಅಂದರೇನೇ ಹೆದರಿಕೆ ಇತ್ತು ನಮಗೆ.

ಬಂಗಾರಪೇಟೆ ಹೈನುಗಾರ
ವಿಷಯ ಸ್ವಲ್ಪ ಬೇರೆ, ಆದರೂ ಪಿಟ್ಯುಟರಿ ಅಂದಿರಲ್ಲ, ಕೇಳಿಬಿಡುತ್ತೇನೆ. ಹಾಲು ಇಳಿಸೋಕೆ ಕೆಲವರು ಹಸುಗಳಿಗೆ ಇಂಜೆಕ್ಷನ್ ಚುಚ್ಚುತ್ತಾರಲ್ಲ, ಆಕ್ಸಿಟೋಸಿನ್, ಅದೂ ಮೆದುಳಿನ ಹಾರ್ಮೋನೇ ಅಲ್ವಾ? ಆ ಹಾಲು ಕುಡಿದು ಜನಕ್ಕೆ ಹಾರ್ಟ್ ತೊಂದರೆ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತು.

ಮಧುಗಿರಿ ಮೇಷ್ಟ್ರು
ಹೌದು, ಮೆದುಳಿನ ಹಾರ್ಮೋನೇ. ಆದರೆ ವಾಟ್ಸಾಪ್ ಹೇಳಿದ್ದು ಸರಿಯಿಲ್ಲ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರ. ವಾಸೊಪ್ರೆಸ್ಸಿನ್ ಕೂಡ ಒಂಬತ್ತೇ, ಎರಡು ಮಣಿ ಮಾತ್ರ ಬೇರೆ. 1953ರಲ್ಲಿ ವಿನ್ಸೆಂಟ್ ಡು ವಿನ್ಯೊ ಆಕ್ಸಿಟೋಸಿನ್ನನ್ನು ಪ್ರಯೋಗಾಲಯದಲ್ಲಿ ಕಟ್ಟಿದರು, 1955ರಲ್ಲಿ ನೊಬೆಲ್ ಬಂತು. ಇಂಥ ಪೆಪ್ಟೈಡ್ ಬಾಯಿಂದ ಹೋದರೆ ಹೊಟ್ಟೆಯಲ್ಲಿ ಜೀರ್ಣ ಆಗಿಬಿಡುತ್ತದೆ. ಇನ್ಸುಲಿನ್ನನ್ನು ಕುಡಿಸದೆ ಚುಚ್ಚುವುದೂ ಅದಕ್ಕೇ. ಹಾನಿ ಆಗುವುದು ಹಸುವಿಗೆ. ದಿನಾ ಚುಚ್ಚಿಸಿಕೊಂಡ ಹಸು ಆಮೇಲೆ ಇಂಜೆಕ್ಷನ್ ಇಲ್ಲದೆ ಹಾಲು ಇಳಿಸುವುದೇ ಇಲ್ಲ.

ಬಂಗಾರಪೇಟೆ ಹೈನುಗಾರ
ಅದು ನೂರಕ್ಕೆ ನೂರು ನಿಜ ಸಾರ್. ನಮ್ಮ ಕೊಟ್ಟಿಗೆಯಲ್ಲಿ ಒಂದು ಎಚ್‌ಎಫ್ ಹಸುವಿನ ಕರು ಎಂಟನೇ ದಿನಕ್ಕೆ ಸತ್ತಿತು. ಹಸು ಹಾಲು ಹಿಡಿದುಕೊಂಡಿತು. ಎಲ್ಲರೂ ಚುಚ್ಚಿಸು ಅಂದರು. ನಮ್ಮಮ್ಮ ಬೇಡ ಅಂದರು. ಬಿಸಿನೀರಿನ ಬಟ್ಟೆ ಹಿಂಡಿ ಕೆಚ್ಚಲಿಗೆ ಒತ್ತಿ, ಮೆಲ್ಲಗೆ ತಿಕ್ಕಿ, ಬೂಸಾ ಮುಂದಿಟ್ಟು, ದಿನಾ ಅದೇ ಹೊತ್ತಿಗೆ ಅದೇ ಮಾತು ಆಡುತ್ತಾ ಕೂರುತ್ತಿದ್ದರು. ಐದನೇ ದಿನ ಮೊಲೆ ತುಂಬಿಕೊಂಡು ತಾನಾಗೇ ಹಾಲು ಬಂತು. ಅಮ್ಮನ ಕಣ್ಣಲ್ಲಿ ನೀರು ಬಂದಿದ್ದು ನಾನು ನೋಡಿದೆ.

ನರ್ಸ್ ಅಕ್ಕ, ಮಾಲೂರು
ಅಣ್ಣ, ನಿಮ್ಮಮ್ಮ ಮಾಡಿದ್ದು ಅದೇ ಹಾರ್ಮೋನನ್ನು ಹಸುವಿನ ಮೆದುಳಿಂದಲೇ ಬರಿಸಿದ್ದು. ಆದರೆ ಆಕ್ಸಿಟೋಸಿನ್ನೇ ಬೇಡ ಅಂತ ಯಾರೂ ಅನ್ನಬೇಡಿ. ಹೆರಿಗೆ ಆದ ಮೇಲೆ ರಕ್ತ ನಿಲ್ಲಿಸೋಕೆ ನಮಗೆ ಅದು ಬೇಕೇ ಬೇಕು. 2018ರಲ್ಲಿ ದುರ್ಬಳಕೆ ತಡೆಯೋಕೆ ಅಂತ ಕೇಂದ್ರ ಸರ್ಕಾರ ಖಾಸಗಿಯವರು ತಯಾರಿಸುವುದನ್ನು ನಿಲ್ಲಿಸಿ, ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯಾಟಿಕ್ಸ್ ಒಂದಕ್ಕೇ ಬಿಡಲು ಹೊರಟಿತ್ತು. ಆ ವರ್ಷದ ಕೊನೆಗೆ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಔಷಧ ಸಿಗದೆ ಬಾಣಂತಿಯರು ಸಾಯಬಾರದಲ್ಲ.

ಚಿಂತಾಮಣಿ ಚಂದ್ರು
ಮತ್ತೆ ಮೊದಲ ವಿಷಯಕ್ಕೆ. ಅಪ್ಪನಿಗೆ ಸಕ್ಕರೆಯೂ ಇದೆ ಅಂದಿರಿ. ನಮ್ಮ ಭಾವ ವಾರಕ್ಕೊಂದು ತೂಕ ಇಳಿಸುವ ಇಂಜೆಕ್ಷನ್ ತಗೊಳ್ಳುತ್ತಾರೆ, ಅದೂ ಪೆಪ್ಟೈಡೇ, ಹೃದಯಕ್ಕೂ ಒಳ್ಳೇದಂತೆ. ಅದನ್ನೇ ಕೊಡಿಸಿ.

ಎಂಬಿಬಿಎಸ್ ಕೊನೇ ವರ್ಷ, ಕೋಲಾರ
ಅಷ್ಟು ಸಲೀಸಾಗಿ ಹೇಳಬೇಡಿ ಅಣ್ಣ. ಅದು ಜಿಎಲ್‌ಪಿ-1 ಜಾತಿಯ ಔಷಧ. ಜಿಎಲ್‌ಪಿ-1 ಅನ್ನುವ ಹಾರ್ಮೋನ್ ಊಟ ಆದ ಮೇಲೆ ಕರುಳಿಂದ ಬರುತ್ತದೆ, ಮೆದುಳಿನ ಬುಡದಲ್ಲೂ ಇದನ್ನು ಮಾಡುವ ಕೋಶಗಳಿವೆ. “ಸಾಕು” ಅನ್ನುವ ಭಾವನೆ ಕೊಡುವುದರಲ್ಲಿ ಅದರ ಪಾಲಿದೆ. ಮೈಯಲ್ಲಿ ತಾನಾಗಿ ಬಂದದ್ದು ಒಂದೆರಡು ನಿಮಿಷದಲ್ಲೇ ಒಡೆದುಹೋಗುತ್ತದೆ. ಸೆಮಾಗ್ಲುಟೈಡ್ ಅನ್ನುವ ಈ ಜಾತಿಯ ಇಂಜೆಕ್ಷನ್ ಬೇಗ ಒಡೆಯದ ಹಾಗೆ ಮಾಡಿದ್ದು, ಅದಕ್ಕೇ ವಾರಕ್ಕೊಂದು ಸಾಕು.

ಹೃದಯಕ್ಕೆ ಒಳ್ಳೇದು ಅನ್ನುವುದಕ್ಕೆ ಆಧಾರ ಇದೆ. 2023ರಲ್ಲಿ ಬಂದ ಸೆಮಾಗ್ಲುಟೈಡ್ ಪ್ರಯೋಗದಲ್ಲಿ 17,604 ಜನ ಇದ್ದರು. ಎಲ್ಲರಿಗೂ ಮೊದಲೇ ಹೃದಯ ಅಥವಾ ರಕ್ತನಾಳದ ಕಾಯಿಲೆ, ತೂಕ ಜಾಸ್ತಿ, ಸಕ್ಕರೆ ಕಾಯಿಲೆ ಇಲ್ಲ. ಔಷಧ ಇಲ್ಲದವರಲ್ಲಿ 100ಕ್ಕೆ 8 ಜನಕ್ಕೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಥವಾ ಹೃದಯದಿಂದ ಸಾವು ಆಯಿತು. ತಗೊಂಡವರಲ್ಲಿ ಆರೂವರೆ. ಲಾಭ ನಿಜ. ಆದರೆ ಹೃದಯದ ಪಂಪಿಂಗ್ ತೀರಾ ಕಮ್ಮಿ ಇರುವವರ ಲೆಕ್ಕವೇ ಬೇರೆ. ಈ ಔಷಧಗಳು ಬಡಿತ ಸ್ವಲ್ಪ ಏರಿಸುತ್ತವೆ. ಅಂಥವರಿಗೆ ಇದೇ ಜಾತಿಯ ಲಿರಾಗ್ಲುಟೈಡ್ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ, ಎಚ್ಚರಿಕೆ ಬೇಕು ಅನ್ನಿಸಿತು. ಎಕೋ ಬರಲಿ, ಹೃದಯದ ಡಾಕ್ಟರ್ ತೀರ್ಮಾನ ಮಾಡಲಿ.

ಮಧುಗಿರಿ ಮೇಷ್ಟ್ರು
ಈ ಜಾತಿಯ ಮೊದಲ ಔಷಧಕ್ಕೆ ದಾರಿ ತೋರಿಸಿದ್ದು ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಅನ್ನುವ ವಿಷದ ಹಲ್ಲಿ. ಅದರ ಜೊಲ್ಲಲ್ಲಿ ಸಿಕ್ಕ ಪೆಪ್ಟೈಡಿಂದ 2005ರಲ್ಲಿ ಔಷಧ ಬಂತು. ಇನ್ನೊಂದು, ಹಸಿವು ಎಬ್ಬಿಸುವ ಗ್ರೆಲಿನ್ ಹಾರ್ಮೋನನ್ನು 1999ರಲ್ಲಿ ಕಂಡುಹಿಡಿದವರಲ್ಲೂ ಅದೇ ಕಂಗಾವ ಇದ್ದರು, ನಿಮ್ಮಪ್ಪನ ರಿಪೋರ್ಟಿನ ಪೆಪ್ಟೈಡ್ ಕಂಡುಹಿಡಿದವರು!

ಜಿಮ್ ಹುಡುಗ, ತುಮಕೂರು
ನಮ್ಮ ಜಿಮ್ಮಲ್ಲಿ ಪುಟ್ಟ ಗಾಜಿನ ಬಾಟಲಿಯಲ್ಲಿ ‘ಪೆಪ್ಟೈಡ್’ ಮಾರುತ್ತಾರೆ. ಪಿಟ್ಯುಟರಿಯಿಂದ ಗ್ರೋತ್ ಹಾರ್ಮೋನ್ ತಾನಾಗೇ ಬರಿಸುತ್ತೆ, ಕೊಬ್ಬು ಕರಗುತ್ತೆ ಅಂತಾರೆ. ಸೇಫಾ?

ನರ್ಸ್ ಅಕ್ಕ, ಮಾಲೂರು
ಬೇಡ ತಮ್ಮ. ಬಾಟಲಿ ಮೇಲೆ ಏನು ಬರೆದಿದೆ ಓದಿ ನೋಡು. ‘ಸಂಶೋಧನೆಗೆ ಮಾತ್ರ’ ಅಂತ ಇರುತ್ತೆ. ಒಳಗೆ ಏನಿದೆ ಅಂತ ಯಾರೂ ಪರೀಕ್ಷೆ ಮಾಡಿರಲ್ಲ.

ಎಂಬಿಬಿಎಸ್ ಕೊನೇ ವರ್ಷ, ಕೋಲಾರ
ಗ್ರೋತ್ ಹಾರ್ಮೋನ್ ಏರಿದರೆ ರಕ್ತದ ಸಕ್ಕರೆಯೂ ಏರುತ್ತದೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಅಪಾಯ. ಜೊತೆಗೆ ಕ್ರೀಡೆಯಲ್ಲಿ ಇವು ನಿಷೇಧ.

ಜಿಮ್ ಹುಡುಗ, ತುಮಕೂರು
ಅಮ್ಮನಿಗೆ ಇದೆ. ವಾಪಸ್ ಕೊಡುತ್ತೇನೆ.

ತಿಪಟೂರಿನ ಮಗಳು
ಸೋಮವಾರ ಎಕೋ ಆಯಿತು. ಪಂಪಿಂಗ್ ಶೇಕಡಾ 35 ಇದೆ ಅಂದರು. ಮಾಮೂಲಿ 55ರ ಮೇಲೆ ಇರಬೇಕಂತೆ. ನನ್ನ ಕೈಕಾಲು ತಣ್ಣಗಾಯಿತು. ನರ್ಸ್ ಅಕ್ಕ ಹೇಳಿದ ಹಾಗೆ ಆ ಮಾತ್ರೆಯ ಪಟ್ಟಿಯನ್ನು ಡಾಕ್ಟರ್ ಮೇಜಿನ ಮೇಲೆ ಇಟ್ಟೆ. ಅವರು ಒಂದು ಗಳಿಗೆ ಸುಮ್ಮನೆ ಅದನ್ನೇ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ “ಯಜಮಾನರೇ, ಇದು ಇವತ್ತಿಗೆ ಕೊನೆ” ಅಂದರು. ಮಂಡಿಗೆ ಪ್ಯಾರಾಸಿಟಮಾಲ್, ಹಚ್ಚುವ ಮುಲಾಮು ಬರೆದರು. ಹೃದಯಕ್ಕೆ ನಾಲ್ಕು ಮಾತ್ರೆ. ಅದರಲ್ಲಿ ಇಲ್ಲಿ ಹೇಳಿದ ಸಕುಬಿಟ್ರಿಲ್ ಇದೆ, ಸ್ಪೈರೊನೊಲ್ಯಾಕ್ಟೋನ್ ಇದೆ, ಸಕ್ಕರೆಗೂ ಹೃದಯಕ್ಕೂ ಆಗುವ ಡಾಪಾಗ್ಲಿಫ್ಲೋಜಿನ್ ಇದೆ. ನೀರು ದಿನಕ್ಕೆ ಒಂದೂವರೆ ಲೀಟರ್.

ತಿಪಟೂರಿನ ಮಗಳು
ಆರು ವಾರ ಆಯಿತು, ಎಲ್ಲರಿಗೂ ಹೇಳಬೇಕು ಅನ್ನಿಸಿತು. ಎರಡನೇ ರಿಪೋರ್ಟ್ 860. ಅಪ್ಪ ಈಗ ಒಂದೇ ದಿಂಬಿನಲ್ಲಿ ಮಲಗುತ್ತಾರೆ. ಅಮ್ಮ ಹಪ್ಪಳದ ಡಬ್ಬ ಅಟ್ಟದ ಮೇಲೆ ಇಟ್ಟಿದ್ದಾರೆ. ಮೇಷ್ಟ್ರೇ, ನಿಮ್ಮ ನೀರುಗಂಟಿ ಕಥೆ ದೊಡ್ಡಪ್ಪ ಈಗ ಊರಿಗೆಲ್ಲ ಹೇಳುತ್ತಿದ್ದಾರೆ.

ಲ್ಯಾಬ್ ಕೆಲಸದವನು, ತುಮಕೂರು
ತುಂಬಾ ಖುಷಿ ಆಯಿತು ಅಕ್ಕ. ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವುದು) ಪರೀಕ್ಷೆ ತಪ್ಪಿಸಬೇಡಿ. ಈ ಮಾತ್ರೆಗಳಲ್ಲಿ ಅದು ಮುಖ್ಯ.

ನರ್ಸ್ ಅಕ್ಕ, ಮಾಲೂರು
ದಿನಾ ತೂಕ ಬರೆದಿಡುತ್ತಿದ್ದೀರಾ? ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು. ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ನೀರು. ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ತಿಪಟೂರಿನ ಮಗಳು
ಬರೆಯುತ್ತಿದ್ದೇವೆ ಅಕ್ಕ, ಕ್ಯಾಲೆಂಡರಿನ ಮೇಲೆ. ಆದರೆ ಒಂದು ದಿನ 68, ಮಾರನೇ ದಿನ 66, ಮತ್ತೆ 69 ಅಂತ ತೋರಿಸುತ್ತೆ. ಹೆದರಿಕೆ ಆಗುತ್ತೆ.

ನರ್ಸ್ ಅಕ್ಕ, ಮಾಲೂರು
ತೂಕದ ಯಂತ್ರ ಎಲ್ಲಿ ಇಟ್ಟಿದ್ದೀರಿ?

ತಿಪಟೂರಿನ ಮಗಳು
ನಡುಮನೆಯಲ್ಲಿ, ಚಾಪೆ ಮೇಲೆ.

ನರ್ಸ್ ಅಕ್ಕ, ಮಾಲೂರು
ಚಾಪೆ ತೆಗೆದು ಬರೀ ನೆಲದ ಮೇಲೆ ಇಟ್ಟು ನಾಳೆ ಬೆಳಿಗ್ಗೆ ನೋಡಿ, ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.

ತಿಪಟೂರಿನ ಮಗಳು
67.2. ಎರಡು ಸಲ ಹತ್ತಿಸಿದೆ, ಎರಡು ಸಲವೂ ಅಷ್ಟೇ.